ಎನ್‌ಲಾರ್ಜರಿಗೆ ಯಾವ ಲೆನ್ಸ್, ಯಾವ ಮೌಂಟ್: ಕಾರವಾರ–ಶಿರಸಿಯ ಕತ್ತಲೆಕೋಣೆಗಳಿಗಾಗಿ ಒಂದು ಹೋಲಿಕೆ

ಕಾರವಾರ, ಕುಮಟಾ, ಶಿರಸಿಗಳ ಸ್ಟುಡಿಯೊಗಳು ಡಿಜಿಟಲ್ ಕ್ಯಾಮೆರಾಕ್ಕೆ ಹೊರಳಿದ ಮೇಲೆ ಅವುಗಳ ಕತ್ತಲೆಕೋಣೆಗಳು ಒಂದೊಂದಾಗಿ ಸಾಮಾನಿನ ಕೋಣೆಗಳಾದವು. ಅಲ್ಲಿ ಹಳೆಯ ಪಂಚೆ ಹೊದ್ದುಕೊಂಡು ವರ್ಷಗಟ್ಟಲೆ ನಿಂತಿದ್ದ, ನೆಗೆಟಿವನ್ನು ಹಿಗ್ಗಿಸಿ ಕಾಗದದ ಮೇಲೆ ಮುದ್ರಿಸುವ ಎನ್‌ಲಾರ್ಜರುಗಳು ಈಚೆಗೆ ಅಲ್ಲೊಂದು ಇಲ್ಲೊಂದು ಹೊರಗೆ ಬರುತ್ತಿವೆ. ಫಿಲ್ಮಿನಲ್ಲಿ ಚಿತ್ರ ತೆಗೆದು ಕೈಯಾರೆ ಮುದ್ರಿಸಬೇಕೆನ್ನುವ ಹುರುಪಿನವರು ಅವನ್ನು ಮನೆಗೆ ಒಯ್ಯುತ್ತಿದ್ದಾರೆ. ಹಾಗೆ ಬಂದ ಯಂತ್ರದಲ್ಲಿ ಕಂಬ ನೆಟ್ಟಗಿರುತ್ತದೆ, ದೀಪದ ಗೂಡು ಇರುತ್ತದೆ, ಲೆನ್ಸನ್ನು ಮೇಲೆ ಕೆಳಗೆ ಸರಿಸಲು ಮಡಚಿ ಬಿಚ್ಚುವ ಬೆಲ್ಲೋಸ್ ಕೂಡ ಹರಿದಿರಲಿಕ್ಕಿಲ್ಲ. ಲೆನ್ಸ್ ಮಾತ್ರ ಇರುವುದೇ ಇಲ್ಲ, ಇದ್ದರೂ ಅದರೊಳಗೆ ಬೂಷ್ಟು ಹಬ್ಬಿರುತ್ತದೆ.

ಆಗ ಎಲ್ಲರೂ ಕೇಳುವ ಪ್ರಶ್ನೆ, ಯಾವ ಕಂಪನಿಯ ಲೆನ್ಸ್ ಒಳ್ಳೆಯದು ಎಂಬುದು. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಮ್ಮ ಬಳಿ ಇರುವ ನೆಗೆಟಿವಿನ ಅಳತೆ ಎಷ್ಟು, ನಮ್ಮ ಯಂತ್ರದ ಬಾಯಿ ಯಾವ ಲೆನ್ಸನ್ನು ಒಪ್ಪುತ್ತದೆ, ಸಿಗುತ್ತಿರುವ ಲೆನ್ಸಿನ ಗಾಜು ಸ್ವಚ್ಛವಾಗಿದೆಯೇ ಎಂಬ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಹೆಸರುಗಳ ಪಟ್ಟಿಯಲ್ಲಿ ಎರಡೋ ಮೂರೋ ಮಾತ್ರ ಉಳಿದಿರುತ್ತವೆ. ಅವುಗಳ ನಡುವಿನ ವ್ಯತ್ಯಾಸವಾದರೋ, ಯಂತ್ರ ಸ್ವಲ್ಪ ವಾಲಿದ್ದರೆ ಆಗುವ ಹಾನಿಗಿಂತ ಚಿಕ್ಕದು.

ನೆಗೆಟಿವಿನ ಕರ್ಣ ಮತ್ತು ಅಟ್ಟದ ಎತ್ತರ

ಲೆನ್ಸಿನ ಫೋಕಲ್ ಲೆಂಗ್ತ್, ಅಂದರೆ ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಂಕಿ, ಎಷ್ಟಿರಬೇಕೆಂಬುದನ್ನು ನೆಗೆಟಿವಿನ ಕರ್ಣವೇ ಹೇಳುತ್ತದೆ. 35 ಮಿ.ಮೀ. ಫಿಲ್ಮಿನ ಚೌಕಟ್ಟು 24 × 36 ಮಿ.ಮೀ.; ಅದರ ಕರ್ಣ ಸುಮಾರು 43 ಮಿ.ಮೀ. ಆದ್ದರಿಂದ ಅದಕ್ಕೆ 50 ಮಿ.ಮೀ. ಲೆನ್ಸ್ ರೂಢಿಯಲ್ಲಿದೆ. 120 ಎಂಬ ಅಗಲದ ಸುರುಳಿ ಫಿಲ್ಮಿನ 6 × 6 ಸೆಂ.ಮೀ. ನೆಗೆಟಿವ್ ನಿಜವಾಗಿ 56 ಮಿ.ಮೀ. ಚೌಕ, ಕರ್ಣ 79 ಮಿ.ಮೀ.; ಅದಕ್ಕೆ 75 ಅಥವಾ 80 ಬೇಕು. 6 × 9ಕ್ಕೆ 105, ಗಾಜಿನ ಫಲಕದ ಕಾಲದಿಂದ ಬಂದ 4 × 5 ಇಂಚಿನ ಶೀಟ್ ಫಿಲ್ಮಿಗೆ 135 ಅಥವಾ 150. ಚಿಕ್ಕ ಫೋಕಲ್ ಲೆಂಗ್ತಿನ ಲೆನ್ಸನ್ನು ದೊಡ್ಡ ನೆಗೆಟಿವಿಗೆ ಹಾಕಿದರೆ ಮೂಲೆಗಳು ಕತ್ತಲಾಗುತ್ತವೆ. 50ರ ಲೆನ್ಸಿನಲ್ಲಿ 6 × 6 ಮುದ್ರಿಸಲು ಹೊರಟವರಿಗೆ ಸಿಗುವುದು ಬಾವಿಯೊಳಗಿಂದ ನೋಡಿದಂಥ ಚಿತ್ರ.

ಇದಕ್ಕೆ ವಿರುದ್ಧವಾದದ್ದು ಸಾಧ್ಯ. 35 ಮಿ.ಮೀ. ನೆಗೆಟಿವನ್ನು 80ರ ಲೆನ್ಸಿನಲ್ಲಿ ಮುದ್ರಿಸಬಹುದು, ಲೆನ್ಸಿನ ನಡುಭಾಗವಷ್ಟೇ ಬಳಕೆಯಾಗುವುದರಿಂದ ಮೂಲೆಗಳು ಚೆನ್ನಾಗಿಯೇ ಬರುತ್ತವೆ. ತೊಡಕಿರುವುದು ಎತ್ತರದಲ್ಲಿ. ಲೆನ್ಸಿನಿಂದ ಕಾಗದದವರೆಗಿನ ದೂರವು ಫೋಕಲ್ ಲೆಂಗ್ತನ್ನು ಹಿಗ್ಗುವ ಪಟ್ಟಿಗೆ ಒಂದು ಕೂಡಿಸಿ ಗುಣಿಸಿದಷ್ಟು. 35 ಮಿ.ಮೀ. ನೆಗೆಟಿವನ್ನು ಎಂಟು ಪಟ್ಟು ಹಿಗ್ಗಿಸಿದರೆ ಹೆಚ್ಚುಕಡಿಮೆ 8 × 11 ಇಂಚಿನ ಚಿತ್ರ ಬರುತ್ತದೆ. ಅದಕ್ಕೆ 50ರ ಲೆನ್ಸ್ ಕಾಗದದಿಂದ 450 ಮಿ.ಮೀ. ಮೇಲೆ ನಿಂತರೆ ಸಾಕು, 80ರ ಲೆನ್ಸ್ 720 ಮಿ.ಮೀ. ಮೇಲೇರಬೇಕು. ಅದರ ಮೇಲೆ ಬೆಲ್ಲೋಸ್, ನೆಗೆಟಿವ್ ಹಿಡಿಯುವ ಕ್ಯಾರಿಯರ್, ದೀಪದ ಬೆಳಕನ್ನು ನೆಗೆಟಿವಿಗೆ ಕೂಡಿಸಿ ಕೊಡುವ ಕಂಡೆನ್ಸರ್ ಗಾಜು, ದೀಪದ ಗೂಡು ಎಲ್ಲ ಸೇರಬೇಕು. ಶಿರಸಿ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಒಂದು ಮೂಲೆಯನ್ನು ಕತ್ತಲೆಕೋಣೆ ಮಾಡಿಕೊಂಡವರಿಗೆ, ಅಡ್ಡತೊಲೆಗೆ ಯಂತ್ರದ ತಲೆ ಬಡಿಯುವ ಸಂಕಟ ಇಲ್ಲಿಯೇ ಶುರುವಾಗುತ್ತದೆ. ಅಂಥವರಿಗೆ 40 ಮಿ.ಮೀ.ನ ವೈಡ್ ಆಂಗಲ್ ಎನ್‌ಲಾರ್ಜಿಂಗ್ ಲೆನ್ಸ್ ಎಂಬ ಇನ್ನೊಂದು ದಾರಿಯಿದೆ. ಹನ್ನೆರಡು ಪಟ್ಟು ಹಿಗ್ಗಿಸುವಾಗ 50ರ ಲೆನ್ಸ್ 650 ಮಿ.ಮೀ. ಕೇಳಿದರೆ 40ರದ್ದು 520ರಲ್ಲಿ ಮುಗಿಸುತ್ತದೆ. ಆದರೆ ಅದು ಅಪರೂಪಕ್ಕೆ ಸಿಗುವ ದುಬಾರಿ ವಸ್ತು. ಅಷ್ಟು ಹಣ ಕೊಡುವ ಮೊದಲು ಯಂತ್ರವನ್ನು ಮೇಜಿನಿಂದ ಇಳಿಸಿ ಗಿಡ್ಡ ಮಣೆಯ ಮೇಲಿಟ್ಟು, ನೆಲದ ಮೇಲೆ ಕುಳಿತು ಕೆಲಸ ಮಾಡಲು ಆಗುತ್ತದೆಯೇ ಎಂದು ನೋಡುವುದು ಮೇಲು.

ಮೌಂಟ್ ಎಂಬ ಯಂತ್ರದ ಬಾಯಿ

ಲೆನ್ಸನ್ನು ಆರಿಸುವುದು ನಾವಲ್ಲ, ಬಹುಮಟ್ಟಿಗೆ ಯಂತ್ರವೇ ಎಂಬುದು ಮೌಂಟಿನ ವಿಚಾರಕ್ಕೆ ಬಂದಾಗ ತಿಳಿಯುತ್ತದೆ. ಎನ್‌ಲಾರ್ಜಿಂಗ್ ಲೆನ್ಸುಗಳಲ್ಲಿ ಹೆಚ್ಚಿನವು ಲೈಕಾ ಥ್ರೆಡ್ ಎಂದು ಕರೆಯುವ 39 ಮಿ.ಮೀ. ತಿರುಪಿನವು. ಇದರ ವ್ಯಾಸ ಮಾತ್ರ ಮಿಲಿಮೀಟರಿನ ಲೆಕ್ಕದ್ದು; ಥ್ರೆಡ್ಡುಗಳ ಎಣಿಕೆ ಇಂಚಿನ ಲೆಕ್ಕದ್ದು, ಇಂಚಿಗೆ 26. ಅಂದರೆ ಒಂದು ಸುತ್ತಿಗೆ ಲೆನ್ಸ್ ಮುಂದೆ ಸರಿಯುವುದು 0.977 ಮಿ.ಮೀ. ಸೋವಿಯತ್ ಕಾಲದ ಎನ್‌ಲಾರ್ಜಿಂಗ್ ಲೆನ್ಸುಗಳಲ್ಲಿ ವ್ಯಾಸ ಅದೇ 39 ಇದ್ದು, ಥ್ರೆಡ್ ಸರಿಯಾಗಿ 1 ಮಿ.ಮೀ. ಅಂತರದ್ದಾಗಿರುವುದುಂಟು. ಒಂದು ಸುತ್ತಿಗೆ ಕೂದಲೆಳೆಗಿಂತ ತೆಳುವಾದ ಈ ವ್ಯತ್ಯಾಸ ಮೊದಲ ಎರಡು ಸುತ್ತಿನಲ್ಲಿ ಗೊತ್ತೇ ಆಗುವುದಿಲ್ಲ, ಮೂರನೆಯ ಸುತ್ತಿಗೆ ಬಿಗಿಯುತ್ತದೆ, ನಾಲ್ಕನೆಯದಕ್ಕೆ ಕಚ್ಚಿಕೊಳ್ಳುತ್ತದೆ. ಹಳೆಯ ಥ್ರೆಡ್ಡಿನಲ್ಲಿ ಕೊಳೆ ಸೇರಿರಬೇಕು ಎಂದುಕೊಂಡು ನಾನೇ ಒಮ್ಮೆ ಅಂಥ ಲೆನ್ಸನ್ನು ಒತ್ತಿ ತಿರುಗಿಸಿ, ಲೆನ್ಸನ್ನು ಯಂತ್ರಕ್ಕೆ ಹಿಡಿಸುವ ಒಳ್ಳೆಯ ಅಲ್ಯೂಮಿನಿಯಂ ಬೋರ್ಡೊಂದರ ಥ್ರೆಡ್ಡನ್ನು ಕೆಡಿಸಿದ್ದೇನೆ. ಸರಿಯಾದ ಜೋಡಿ ಎರಡು ಬೆರಳ ಬಲದಲ್ಲಿಯೇ ಕೊನೆಯವರೆಗೆ ತಿರುಗಬೇಕು; ಮಣಿಕಟ್ಟಿನ ಬಲ ಬೇಕಾಯಿತೆಂದರೆ ಅದು ತಪ್ಪು ಜೋಡಿ.

ಪರೀಕ್ಷೆಗೆ ಸುಲಭದ ಉಪಾಯವೊಂದಿದೆ. ಲೈಕಾ ಥ್ರೆಡ್ ಎಂದು ಖಚಿತವಾಗಿ ತಿಳಿದಿರುವ ಒಂದು ಲೆನ್ಸನ್ನೂ ಸಂಶಯದ ಲೆನ್ಸನ್ನೂ ಪಕ್ಕಪಕ್ಕ ಹಿಡಿದು, ಥ್ರೆಡ್ಡಿನ ಹಲ್ಲುಗಳನ್ನು ಒಂದರೊಳಗೊಂದು ಕೂರಿಸಿ ಬೆಳಕಿಗೆ ಅಡ್ಡ ಹಿಡಿಯಬೇಕು. ಹಲ್ಲುಗಳು ಕೊನೆಯವರೆಗೂ ಹೊಂದಿ ಕುಳಿತರೆ ಅವು ಒಂದೇ ಜಾತಿ. ಒಂದು ತುದಿಯಲ್ಲಿ ಬೆಳಕು ಇಣುಕಿದರೆ ಬೇರೆ. ಊರಿನ ಲೇತ್ ಅಂಗಡಿಗೆ ಒಯ್ದರೂ ಆದೀತು. ಬ್ರಿಟಿಷ್ ಅಳತೆಯ ಸೈಕಲ್ ಭಾಗಗಳಲ್ಲಿಯೂ ಇಂಚಿಗೆ 26 ಥ್ರೆಡ್ಡಿನ ಬಳಕೆ ಇರುವುದರಿಂದ, ಕ್ಯಾಮೆರಾದ ಮುಖ ನೋಡದ ಟರ್ನರ್ ಕೂಡ ಆ ಸಂಖ್ಯೆಯನ್ನು ಕೇಳಿದ ಕೂಡಲೇ ಥ್ರೆಡ್ ಅಳೆಯುವ ಗೇಜಿನಲ್ಲಿ ಸರಿಯಾದ ಎಲೆಯನ್ನು ತೆಗೆದು ತೋರಿಸುತ್ತಾನೆ.

39 ಅಲ್ಲದ ಅಳತೆಗಳೂ ಇವೆ. ಕೆಲವು ಹಳೆಯ ಚಿಕ್ಕ ಲೆನ್ಸುಗಳು 25 ಮಿ.ಮೀ. ತಿರುಪಿನವು, 135–150 ಮಿ.ಮೀ.ನ ದೊಡ್ಡ ಲೆನ್ಸುಗಳಲ್ಲಿ ಹಲವು 50 ಮಿ.ಮೀ. ಅಥವಾ ಅದಕ್ಕಿಂತ ಅಗಲದವು. 25ರ ಲೆನ್ಸನ್ನು 39ರ ಬೋರ್ಡಿಗೆ ಹಾಕಲು ನಡುವೆ ಒಂದು ಉಂಗುರ ಸಾಕು. ಅಗಲದ ಲೆನ್ಸನ್ನು ಚಿಕ್ಕ ಬಾಯಿಗೆ ತುರುಕುವ ಉಂಗುರ ಮಾತ್ರ ಹಿಂಬದಿಯ ಬೆಳಕನ್ನು ಕತ್ತರಿಸುವ ಅಪಾಯವಿದೆ. ಅದರ ಗೊಡವೆ ಬೇಡ.

ಇನ್ನು ಬೋರ್ಡ್. ಕೆಲವು ಯಂತ್ರಗಳ ಬೋರ್ಡಿನಲ್ಲಿಯೇ ಥ್ರೆಡ್ ಕೊರೆದಿರುತ್ತದೆ, ಲೆನ್ಸ್ ನೇರವಾಗಿ ತಿರುಗಿ ಕೂರುತ್ತದೆ. ಇನ್ನು ಕೆಲವದರಲ್ಲಿ 39 ಮಿ.ಮೀ. ದಾಟಿದ ಬರಿಯ ತೂತು ಇರುತ್ತದೆ, ಲೆನ್ಸನ್ನು ಕೆಳಗಿನಿಂದ ತೂರಿಸಿ ಮೇಲಿನಿಂದ ತೆಳುವಾದ ಬಿಗಿಯುಂಗುರ ಹಾಕಬೇಕು. ಇವೆರಡರಲ್ಲಿ ನನ್ನ ಒಲವು ಎರಡನೆಯದರ ಕಡೆಗೆ. ಮೊದಲ ಕಾರಣ, ಬಿಗಿಯುವ ಮೊದಲು ಲೆನ್ಸನ್ನು ತಿರುಗಿಸಿ, ಬೆಳಕು ಹಾಯುವ ತೂತನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರಿನ ಅಂಕಿಗಳು ನಮ್ಮ ಕಣ್ಣಿಗೆ ಎದುರಾಗುವಂತೆ ನಿಲ್ಲಿಸಬಹುದು. ಥ್ರೆಡ್ ಕೊರೆದ ಬೋರ್ಡಿನಲ್ಲಿ ಅಂಕಿಗಳು ಎಲ್ಲಿ ನಿಲ್ಲುತ್ತವೆಯೋ ಅಲ್ಲಿಯೇ, ಅದು ಕಂಬದ ಹಿಂದೆಯಾದರೂ ಸರಿ. ಎರಡನೆಯ ಕಾರಣ ನಮ್ಮ ಕಡಲಿನದು. ಹಿತ್ತಾಳೆಯ ಲೆನ್ಸನ್ನು ಅಲ್ಯೂಮಿನಿಯಂ ಬೋರ್ಡಿಗೆ ತಿರುಗಿಸಿ ಕಾರವಾರದ ಟಾಗೋರ್ ಕಡಲತೀರದ ಗಾಳಿ ಬರುವ ಮನೆಯಲ್ಲಿ ಎರಡು ಮಳೆಗಾಲ ಬಿಟ್ಟರೆ, ಎರಡು ಲೋಹಗಳ ನಡುವೆ ಉಪ್ಪಿನ ತೇವ ಕುಳಿತು ಅಲ್ಯೂಮಿನಿಯಂ ಬಿಳಿಯ ಹಿಟ್ಟಾಗಿ ಉಬ್ಬುತ್ತದೆ, ಲೆನ್ಸ್ ಹೊರಬರಲು ಒಪ್ಪುವುದಿಲ್ಲ. ಬಿಗಿಯುಂಗುರದ ಜೋಡಣೆಯಲ್ಲಿ ಹಾಗೆ ಕಚ್ಚಿಕೊಂಡರೂ ಕಳೆದುಕೊಳ್ಳುವುದು ಒಂದು ಉಂಗುರ. ಥ್ರೆಡ್ ಬೋರ್ಡಿನಲ್ಲಿ ಬೋರ್ಡನ್ನೇ ಕತ್ತರಿಸಬೇಕಾದೀತು. ಯಾವುದನ್ನೇ ಬಳಸಿದರೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಥ್ರೆಡ್ಡನ್ನು ತಿಕ್ಕಿ, ಕಡ್ಡಿಯ ತುದಿಯಷ್ಟು ಗ್ರೀಸ್ ಸವರಿ, ಹೆಚ್ಚಾದುದನ್ನು ಒರೆಸಿಬಿಡಬೇಕು. ವರ್ಷಕ್ಕೊಮ್ಮೆ, ಮೃಗಶಿರಾ ಮಳೆ ಹಿಡಿಯುವ ಮೊದಲು, ಲೆನ್ಸನ್ನು ಕಳಚಿ ಮತ್ತೆ ಹಾಕಬೇಕು.

ಬೋರ್ಡ್ ಚಪ್ಪಟೆಯೋ, ಒಳಗೆ ಕುಳಿ ಇರುವುದೋ, ಹೊರಗೆ ಉಬ್ಬಿದ್ದೋ ಎಂಬುದನ್ನು ಕೊಳ್ಳುವವರು ಮರೆಯುವುದೇ ಹೆಚ್ಚು. ನೆಗೆಟಿವಿನಿಂದ ಲೆನ್ಸಿಗೆ ಇರಬೇಕಾದ ದೂರವು 50ರ ಲೆನ್ಸಿಗೆ ಎಂಟು ಪಟ್ಟಿನಲ್ಲಿ 56 ಮಿ.ಮೀ., ಎರಡು ಪಟ್ಟಿನಲ್ಲಿ 75 ಮಿ.ಮೀ. 80ರ ಲೆನ್ಸಿಗೆ ಅದೇ ಅಂಕಿಗಳು 90 ಮತ್ತು 120. 6 × 6 ಅಥವಾ 6 × 9ಕ್ಕೆಂದು ಮಾಡಿದ ಯಂತ್ರದ ಬೆಲ್ಲೋಸ್ ಪೂರ್ತಿ ಮಡಚಿದರೂ 56 ಮಿ.ಮೀ.ಗೆ ಇಳಿಯದಿದ್ದರೆ, ಚಪ್ಪಟೆ ಬೋರ್ಡಿನಲ್ಲಿ 50ರ ಲೆನ್ಸ್ ಎಂದಿಗೂ ಫೋಕಸಿಗೆ ಬರುವುದಿಲ್ಲ. ಲೆನ್ಸ್ ಮೇಲಕ್ಕೆ ಹೋಗಿ ಕೂರುವಂಥ ಕುಳಿಬೋರ್ಡ್ ಬೇಕು. ಅದಕ್ಕಾಗಿ ಹಣ ಕೊಡುವ ಮೊದಲು ಒಂದು ಅಳತೆಪಟ್ಟಿ ಹಿಡಿದು ನೆಗೆಟಿವ್ ಕೂರುವ ತಟ್ಟೆಯಿಂದ ಬೋರ್ಡಿನ ಮೇಲ್ಮೈವರೆಗಿನ ಅತಿ ಕಡಿಮೆ ಮತ್ತು ಅತಿ ಹೆಚ್ಚು ದೂರಗಳನ್ನು ಅಳೆದು ಬರೆದುಕೊಳ್ಳಬೇಕು. ಲೆನ್ಸಿನ ದೂರವನ್ನು ಅದರ ಒಳಗಿನ ಒಂದು ಬಿಂದುವಿನಿಂದ ಎಣಿಸುವುದರಿಂದ ಈ ಅಳತೆ ಅಂದಾಜಿನದೇ, ಆದರೂ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆಯಲ್ಲಿ ಕೆಲಸಕ್ಕೆ ಬರುತ್ತದೆ. ಯಂತ್ರದ ಜೊತೆ ಮೂಲ ಬೋರ್ಡ್ ಇಲ್ಲದಿದ್ದರೆ ಆ ಯಂತ್ರದ ಬೆಲೆಯನ್ನು ನಾನು ಅರ್ಧಕ್ಕೆ ಇಳಿಸಿಯೇ ಮಾತಾಡುತ್ತೇನೆ. ಚಪ್ಪಟೆ ಬೋರ್ಡನ್ನು 3 ಮಿ.ಮೀ. ಅಲ್ಯೂಮಿನಿಯಂ ಹಾಳೆಯಲ್ಲಿ ಊರಿನಲ್ಲೇ ಮಾಡಿಸಿಕೊಳ್ಳಬಹುದು. ಕುಳಿಬೋರ್ಡನ್ನು ವಾಲದಂತೆ ಮಾಡಿಸುವುದು ಸುಲಭವಲ್ಲ.

ಮೂರು ಗಾಜು, ನಾಲ್ಕು ಗಾಜು, ಆರು ಗಾಜು

ಎನ್‌ಲಾರ್ಜಿಂಗ್ ಲೆನ್ಸುಗಳ ದರ್ಜೆಯನ್ನು ಒಳಗಿರುವ ಗಾಜುಗಳ ಸಂಖ್ಯೆಯಿಂದ ಗುರುತಿಸುವುದು ವಾಡಿಕೆ. ಷ್ನೈಡರ್ ಕಂಪನಿಯಲ್ಲಿ ಕಾಂಪೊನಾರ್ ಮೂರು ಗಾಜಿನದು, ಕಾಂಪರಾನ್ ನಾಲ್ಕು, ಕಾಂಪೊನಾನ್ ಮತ್ತು ಕಾಂಪೊನಾನ್-ಎಸ್ ಆರು. ರೋಡೆನ್‌ಸ್ಟಾಕಿನಲ್ಲಿ ರೋಗೊನಾರ್ ಮೂರು, ರೋಗೊನಾರ್-ಎಸ್ ನಾಲ್ಕು, ರೋಡಗಾನ್ ಆರು. ನಿಕಾನಿನ ಎಲ್-ನಿಕ್ಕೋರ್ ಹೆಸರಿನಲ್ಲಿ ಎರಡೂ ಬಗೆ ಇರುವುದರಿಂದ ಎಚ್ಚರ ಬೇಕು: 50 ಮಿ.ಮೀ. ಎಫ್ 4 ಮತ್ತು 75 ಮಿ.ಮೀ. ಎಫ್ 4 ನಾಲ್ಕು ಗಾಜಿನವು, 50 ಮಿ.ಮೀ. ಎಫ್ 2.8 ಮತ್ತು 80 ಮಿ.ಮೀ. ಎಫ್ 5.6 ಆರು ಗಾಜಿನವು. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುವುದರಿಂದ, 75ರ ಎಫ್ 4 ಅಂಕಿಯಲ್ಲಿ ಬೆಳಕಿನದೆಂದು ಕಂಡು, 80ರ ಎಫ್ 5.6ಕ್ಕಿಂತ ಮೇಲೆಂದು ಭಾವಿಸಿ ಕೊಂಡವರಿದ್ದಾರೆ. ಮೂಲೆಗಳ ಚುರುಕಿನಲ್ಲಿ ಸಂಗತಿ ತಿರುಗುಮುರುಗು.

ವ್ಯತ್ಯಾಸ ಎಲ್ಲಿ ಕಾಣುತ್ತದೆ? ಚಿತ್ರದ ನಡುವೆ ಹೆಚ್ಚೇನೂ ಇಲ್ಲ. ಎಫ್ 8ಕ್ಕೆ ಇಳಿಸಿದ ಒಳ್ಳೆಯ ನಾಲ್ಕು ಗಾಜಿನ ಲೆನ್ಸ್, ಆರು ಪಟ್ಟಿನೊಳಗೆ, ಆರು ಗಾಜಿನದರ ಪಕ್ಕದಲ್ಲಿ ನಾಚಿಕೆಪಡಬೇಕಿಲ್ಲ. ಹತ್ತು ಪಟ್ಟು ದಾಟಿದಾಗ, ಮೂಲೆಗಳಲ್ಲಿ, ಫಿಲ್ಮಿನ ಗ್ರೇನ್, ಅಂದರೆ ಚಿತ್ರವನ್ನು ಕಟ್ಟಿದ ಸಣ್ಣ ಕಣಗಳು, ಚಿತ್ರದ ನಡುಭಾಗದಲ್ಲಿ ಉಪ್ಪಿನ ಹರಳಿನಂತೆ ಚುರುಕಾಗಿದ್ದು ಅಂಚಿಗೆ ಬರುಬರುತ್ತ ಹಿಟ್ಟಾಗುವುದು ಕಾಣತೊಡಗುತ್ತದೆ. ಹಾಗಾಗಿ ಉತ್ತರ ನಾವು ಏನನ್ನು ಮುದ್ರಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಹೊನ್ನಾವರ ಸೀಮೆಯ ಯಕ್ಷಗಾನದ ರಾತ್ರಿಯ ಆಟವನ್ನು ವೇಗದ ಫಿಲ್ಮಿನಲ್ಲಿ ತೆಗೆದವರ ನೆಗೆಟಿವಿನಲ್ಲಿ ರಂಗಸ್ಥಳದ ನಡುವೆ ವೇಷವಿರುತ್ತದೆ, ಸುತ್ತಲೂ ಕತ್ತಲೆ. ಮುದ್ರಣದಲ್ಲಿ ಮೂಲೆಗಳು ಹೇಗೂ ಕಪ್ಪು, ಆ ಕಪ್ಪಿನಲ್ಲಿ ಯಾವ ಲೆನ್ಸಿನ ದೋಷವೂ ಕಾಣಿಸಿಕೊಳ್ಳುವುದಿಲ್ಲ. ಮೂರು ಗಾಜಿನ ಲೆನ್ಸಿನಲ್ಲಿ ಮಾಡಿದ ಅಂಥ ಮುದ್ರಣಗಳಲ್ಲಿ ನಾನು ಕೊರತೆಯನ್ನು ಕಂಡಿಲ್ಲ. ಅದೇ, ಸದಾಶಿವಗಡದ ಮೇಲಿನಿಂದ ಕಾಳಿ ನದಿ ಕಡಲು ಸೇರುವುದನ್ನು ತೆಗೆದ ಚಿತ್ರದಲ್ಲಿ ಅಂಚಿನಿಂದ ಅಂಚಿಗೆ ಬೂದು ಆಕಾಶ, ಬೂದು ನೀರು; ಗ್ರೇನ್ ಎಲ್ಲೆಡೆ ಒಂದೇ ತೆರ ಇರಬೇಕು, ದಿಗಂತದ ಗೆರೆ ಎರಡೂ ತುದಿಯಲ್ಲಿ ಒಂದೇ ಚುರುಕಿನಲ್ಲಿ ಮುಗಿಯಬೇಕು. ಅಂಥ ಚಿತ್ರಕ್ಕೆ ಆರು ಗಾಜಿನದೇ ಬೇಕು.

ಬಣ್ಣಗಳನ್ನು ಒಂದೇ ಫೋಕಸಿಗೆ ಇನ್ನಷ್ಟು ನಿಖರವಾಗಿ ತರುವ, ಅಪೋ ಎಂಬ ಮೇಲ್ದರ್ಜೆಯ ಲೆನ್ಸುಗಳ ಬಗ್ಗೆಯೂ ಕೇಳುತ್ತಾರೆ. ಕಪ್ಪು-ಬಿಳುಪು ಮುದ್ರಣಕ್ಕೆ, ಮನೆಯ ಯಂತ್ರದಲ್ಲಿ, ಅವುಗಳ ಬೆಲೆಗೆ ತಕ್ಕ ಲಾಭ ನನಗೆ ಕಂಡಿಲ್ಲ.

ಎನ್‌ಲಾರ್ಜಿಂಗ್ ಲೆನ್ಸಿನ ಬದಲು ಅದೇ 39 ಮಿ.ಮೀ. ಥ್ರೆಡ್ಡಿನ ಹಳೆಯ ಕ್ಯಾಮೆರಾ ಲೆನ್ಸನ್ನೇ ಹಾಕಿದರೆ ಆಗದೇ ಎಂಬ ಪ್ರಶ್ನೆಯೂ ಸಹಜ. ತಿರುಪು ಕೂರುತ್ತದೆ, ಚಿತ್ರವೂ ಬೀಳುತ್ತದೆ. ಆದರೆ ಕ್ಯಾಮೆರಾದ ಲೆನ್ಸ್ ದೂರದ ವಸ್ತುಗಳಿಗಾಗಿ ರೂಪಿಸಿದ್ದು. ಎನ್‌ಲಾರ್ಜರಿನದು ಚಪ್ಪಟೆಯಾದ ನೆಗೆಟಿವನ್ನು ಹತ್ತಿರದ ಚಪ್ಪಟೆ ಕಾಗದದ ಮೇಲೆ ಮೂಡಿಸುವ ಸಲುವಾಗಿಯೇ ಲೆಕ್ಕ ಹಾಕಿದ್ದು. ಕ್ಯಾಮೆರಾ ಲೆನ್ಸಿನಲ್ಲಿ ನಡುವಿಗೆ ಫೋಕಸ್ ಮಾಡಿದರೆ ಅಂಚು ತಪ್ಪುತ್ತದೆ, ಅಂಚಿಗೆ ಮಾಡಿದರೆ ನಡು ತಪ್ಪುತ್ತದೆ. ಬೇರೆ ಲೆನ್ಸ್ ಸಿಗುವವರೆಗೆ, ಕಾಗದದ ಪಟ್ಟಿಯ ಮೇಲೆ ಬೆಳಕಿನ ಸಮಯ ನೋಡುವ ಟೆಸ್ಟ್ ಸ್ಟ್ರಿಪ್ ಅಭ್ಯಾಸಕ್ಕೆ ಅದು ಸಾಕು.

ಎಫ್ ಅಂಕಿ

ಎಫ್ 2.8 ಎಂದರೆ ಎಫ್ 4ಕ್ಕಿಂತ ಎರಡು ಪಟ್ಟು ಬೆಳಕು. ಆ ಬೆಳಕು ಬೇಕಾಗುವುದು ಫೋಕಸ್ ಮಾಡುವಾಗ ಮಾತ್ರ. ಕಾಗದಕ್ಕೆ ಬೆಳಕು ಕೊಡುವಾಗ ಹೇಗೂ ಎರಡು ಹೆಜ್ಜೆ ಇಳಿಸಿ ಎಫ್ 5.6 ಅಥವಾ 8ರಲ್ಲಿ ಕೆಲಸ ಮಾಡುತ್ತೇವೆ. ಹಾಗೆ ಇಳಿಸಿದಾಗ ಸಮಯ ಹದಿನೈದು ಇಪ್ಪತ್ತು ಸೆಕೆಂಡಿಗೆ ಬಂದು, ಚಿತ್ರದಲ್ಲಿರುವ ಮುಖ ಕಪ್ಪಾಗದಂತೆ ಬೆಳಕಿಗೆ ಕೈ ಅಡ್ಡ ಹಿಡಿಯಲೂ ಆಕಾಶಕ್ಕೆ ಇನ್ನಷ್ಟು ಬೆಳಕು ಕೊಡಲೂ ಪುರಸೊತ್ತು ಸಿಗುತ್ತದೆ. ಎಫ್ 16ರ ಆಚೆಗೆ ಇಳಿಸಿದರೆ ಬೆಳಕೇ ಬಾಗಿ ಇಡೀ ಚಿತ್ರ ಮೃದುವಾಗುತ್ತದೆ. ಕಣ್ಣು ಮಂದವಾದವರು, ಹತ್ತು ಪಟ್ಟಿಗಿಂತ ದೊಡ್ಡ ಮುದ್ರಣ ಮಾಡುವವರು 2.8ಕ್ಕೆ ಹಣ ಕೊಡಲಿ, ಉಳಿದವರಿಗೆ 4 ಸಾಕು.

ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ಅಂತರ, ಬದಲಿಸುವ ಫಿಲ್ಟರುಗಳನ್ನು ಲೆನ್ಸಿನ ಕೆಳಗೆ ಹಿಡಿಸುವವರು ಲೆನ್ಸಿನ ಮುಂಬಾಯಿಯ ಅಳತೆಯನ್ನೂ ನೋಡಿಕೊಳ್ಳಬೇಕು. ಹಳೆಯ ಎಲ್-ನಿಕ್ಕೋರ್ 50 ಎಫ್ 2.8ರದ್ದು 34.5 ಮಿ.ಮೀ. ಎಂಬ ವಿಚಿತ್ರ ಅಳತೆ, ಅದರ ಹೊಸ ಆವೃತ್ತಿಯದ್ದು ಸಾಮಾನ್ಯವಾಗಿ ಸಿಗುವ 40.5.

ಬೂಷ್ಟಿನ ಲೆಕ್ಕ

ಬಯಲುಸೀಮೆಯವರು ಈ ಮಾತನ್ನು ಎರಡು ಸಾಲಿನಲ್ಲಿ ಮುಗಿಸಿಯಾರು, ನಮಗೆ ಆಗದು. ಗಾಳಿಯ ತೇವಾಂಶ ಶೇಕಡಾ 70 ದಾಟಿ ದಿನಗಟ್ಟಲೆ ನಿಂತರೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೇರು ಬಿಡುತ್ತದೆ. ಕಾರವಾರದಲ್ಲಿಯೂ ಘಟ್ಟದ ಮೇಲಿನ ಶಿರಸಿಯಲ್ಲಿಯೂ ಆಷಾಢ, ಶ್ರಾವಣಗಳಲ್ಲಿ ಅದಕ್ಕಿಂತ ಕಡಿಮೆ ಇರುವ ದಿನಗಳನ್ನು ಹುಡುಕಬೇಕು. ಬೂಷ್ಟು ಕೇವಲ ಕೊಳೆಯಲ್ಲ. ಅದು ಒಸರುವ ಆಮ್ಲ ಮೊದಲು ಗಾಜಿನ ಮೇಲಿನ ತೆಳು ಲೇಪವಾದ ಕೋಟಿಂಗನ್ನೂ ಆಮೇಲೆ ಗಾಜನ್ನೂ ಕೊರೆಯುತ್ತದೆ, ಒರೆಸಿದರೂ ಅದರ ಕಲೆ ಉಳಿಯುತ್ತದೆ. ಅಂಥ ಲೆನ್ಸಿನಲ್ಲಿ ಬೆಳಕು ಚದರಿ ಕಪ್ಪು ಬೂದಾಗುತ್ತದೆ, ಬಿಳುಪು ಮಂಕಾಗುತ್ತದೆ. ಮುದ್ರಿಸುವವರು ಕಾಗದವನ್ನೋ ಡೆವಲಪರನ್ನೋ ಬೈಯುತ್ತ, ಮೇಲಿನ ಗ್ರೇಡಿನ ಫಿಲ್ಟರ್ ಹಾಕುತ್ತ ತಿಂಗಳುಗಟ್ಟಲೆ ಕಳೆಯುತ್ತಾರೆ.

ಪರೀಕ್ಷೆ ಹೀಗೆ: ಅಪರ್ಚರನ್ನು ಪೂರ್ತಿ ತೆರೆದು, ಕತ್ತಲಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು, ಬೆಳಕಿಗೆ ನೇರವಾಗಿ ಅಲ್ಲ, ತುಸು ಓರೆಯಾಗಿ ನೋಡಬೇಕು. ಜೇಡನ ಬಲೆಯಂತೆ ಕವಲೊಡೆದದ್ದು ಕಂಡರೆ ಬೂಷ್ಟು. ಇಡೀ ಗಾಜಿನ ಮೇಲೆ ಉಸಿರು ಬಿಟ್ಟಂಥ ಮಬ್ಬಿದ್ದರೆ ಎಣ್ಣೆಯ ಆವಿ ಅಥವಾ ಹೊಗೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಕಂಡರೆ ಎರಡು ಗಾಜುಗಳನ್ನು ಕೂಡಿಸಿದ ಅಂಟು ಬಿಡುತ್ತಿದೆ. ಒಂದೆರಡು ಧೂಳಿನ ಕಣ, ಮುಂಗಾಜಿನ ಮೇಲೊಂದು ಗೀರು ಇವುಗಳಿಂದ ಮುದ್ರಣಕ್ಕೆ ಹೆಚ್ಚು ಬಾಧೆಯಿಲ್ಲ. ಹೊರಊರಿನ ಮಾರಾಟಗಾರರೊಬ್ಬರು ಸ್ವಚ್ಛವೆಂದು ಹೇಳಿ ಕಳಿಸಿದ ಆರು ಗಾಜಿನ ಲೆನ್ಸೊಂದರಲ್ಲಿ ನನಗೆ ಬೂಷ್ಟು, ಮಬ್ಬು, ಬಿಡುವ ಅಂಟು ಈ ಮೂರೂ ಒಟ್ಟಿಗೆ ಕಂಡವು. ಅಂದಿನಿಂದ ಟಾರ್ಚ್ ಹಿಡಿದು ತೆಗೆದ ಫೋಟೊ ನೋಡದೆ ನಾನು ದೂರದಿಂದ ಲೆನ್ಸ್ ತರಿಸುವುದಿಲ್ಲ.

ಇಲ್ಲಿ ಹೋಲಿಕೆ ಒಂದು ಕುತೂಹಲದ ತಿರುವು ಪಡೆಯುತ್ತದೆ. ಮೂರು ಗಾಜಿನ ಲೆನ್ಸಿನಲ್ಲಿ ಗಾಜುಗಳು ಬಿಡಿಬಿಡಿಯಾಗಿರುತ್ತವೆ. ಅಂಟಿಸಿದ ಜೋಡಿ ಇಲ್ಲ, ಆದ್ದರಿಂದ ಅಂಟು ಬಿಡುವ ಭಯವೂ ಇಲ್ಲ, ತಿಳಿದವರು ಬಿಚ್ಚಿದರೆ ಪ್ರತಿ ಮೇಲ್ಮೈಯನ್ನೂ ಒರೆಸಬಹುದು. ಸಾಮಾನ್ಯ ವಿನ್ಯಾಸದ ನಾಲ್ಕು ಗಾಜಿನದರಲ್ಲಿ ಒಂದು ಅಂಟಿದ ಜೋಡಿ, ನಾಲ್ಕು ಗುಂಪಿನ ಆರು ಗಾಜಿನದರಲ್ಲಿ ಎರಡು. ಹೊಸದಾಗಿದ್ದಾಗ ಮೇಲಿನ ದರ್ಜೆಯದಾಗಿದ್ದ ಲೆನ್ಸ್ ಕರಾವಳಿಯಲ್ಲಿ ಹತ್ತಾರು ಮಳೆಗಾಲ ಕಳೆದ ಮೇಲೆ ಕೆಳಗಿನ ದರ್ಜೆಗೆ ಇಳಿದಿರುವ ಸಾಧ್ಯತೆ ಹೆಚ್ಚು. ಸ್ವಚ್ಛವಾದ ಕಾಂಪರಾನ್ ಮತ್ತು ಮಬ್ಬು ಹಿಡಿದ ಕಾಂಪೊನಾನ್ ಒಂದೇ ಬೆಲೆಗೆ ಎದುರಿಗಿದ್ದರೆ ನಾನು ಕಾಂಪರಾನನ್ನೇ ಎತ್ತಿಕೊಳ್ಳುತ್ತೇನೆ.

ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಬಾರದು. ಚರ್ಮ ತೇವವನ್ನೂ ಹಿಡಿಯುತ್ತದೆ, ಬೂಷ್ಟಿಗೆ ಆಹಾರವೂ ಆಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತದೆಂದು ಅಡಿಕೆಯ ಜೊತೆ ಇಟ್ಟವರನ್ನೂ ಬಲ್ಲೆ. ಬೂಷ್ಟು ಬರಲಿಲ್ಲ, ಗಾಜಿನ ಮೇಲೆ ಹೊಗೆಯ ಪದರ ಬಂತು. ರಬ್ಬರ್ ಅಂಚಿನ ಬಿಗಿಮುಚ್ಚಳದ ಡಬ್ಬಿ, ಅದರೊಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ, ಇಷ್ಟು ಸಾಕು. ಮುಳ್ಳು 40ರಿಂದ 50ರ ನಡುವೆ ನಿಲ್ಲುವಂತೆ ನೋಡಿಕೊಳ್ಳಬೇಕು. ಜೆಲ್ ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಬೇರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮಳೆಗಾಲದಲ್ಲಿ ಕೆಲಸ ಮುಗಿದ ಕೂಡಲೇ ಲೆನ್ಸನ್ನು ಬೋರ್ಡಿನ ಸಮೇತ ಕಳಚಿ ಡಬ್ಬಿಗೆ ಹಾಕುವುದು ನನ್ನ ರೂಢಿ. ಬೇಗನೆ ಕಳಚಬಹುದಾದ ಬೋರ್ಡಿನ ಯಂತ್ರವನ್ನು ನಾನು ಹೆಚ್ಚು ಬೆಲೆ ಕೊಟ್ಟಾದರೂ ಕೊಳ್ಳುವುದು ಇದೇ ಕಾರಣಕ್ಕೆ.

ಹಲಗೆ ಡೊಂಕಾದರೆ

ನೆಗೆಟಿವ್, ಲೆನ್ಸ್ ಬೋರ್ಡ್, ಕಾಗದ ಈ ಮೂರೂ ಒಂದಕ್ಕೊಂದು ಸಮಾಂತರವಾಗಿಲ್ಲದಿದ್ದರೆ ಯಾವ ಲೆನ್ಸೂ ನಾಲ್ಕು ಮೂಲೆಗಳನ್ನು ಒಟ್ಟಿಗೆ ಚುರುಕಾಗಿಸದು. ನಮ್ಮಲ್ಲಿ ಯಂತ್ರದ ಮರದ ತಳಹಲಗೆ ಮಳೆಗಾಲದಲ್ಲಿ ತೇವ ಕುಡಿದು ಬಾಗುತ್ತದೆ, ಮಾಘದಲ್ಲಿ ಒಣಗಿ ಬೇರೆ ಕಡೆಗೆ ಎಳೆಯುತ್ತದೆ; ಒಮ್ಮೆ ಸರಿಮಾಡಿದರೆ ಮುಗಿಯಿತು ಎನ್ನುವಂತಿಲ್ಲ. ಗಾರೆ ಕೆಲಸದವರ ರಸಮಟ್ಟವನ್ನು ಮೂರೂ ಕಡೆ ಇಟ್ಟು ನೋಡುವುದು ಮೊದಲ ಹೆಜ್ಜೆ. ಇನ್ನೂ ನಿಖರವಾಗಿ ಬೇಕಾದರೆ, ಕಾಗದ ಹಿಡಿಯುವ ಈಸೆಲಿನ ಮೇಲೊಂದು ಕನ್ನಡಿ ಮಲಗಿಸಿ, ನಡುವೆ ಹಿಂಬದಿಯ ಲೇಪವನ್ನು ಬಟಾಣಿ ಗಾತ್ರಕ್ಕೆ ಕೆರೆದ ಇನ್ನೊಂದು ಕನ್ನಡಿಯನ್ನು ಲೆನ್ಸ್ ತೆಗೆದ ಬೋರ್ಡಿಗೆ ಕೆಳಮುಖವಾಗಿ ಒತ್ತಿ ಹಿಡಿದು, ಮೇಲಿನಿಂದ ಆ ತೂತಿನಲ್ಲಿ ನೋಡಬೇಕು. ಪ್ರತಿಬಿಂಬದೊಳಗಿನ ಪ್ರತಿಬಿಂಬಗಳು ಒಂದೇ ಕೇಂದ್ರದಲ್ಲಿ ಸಾಲಾಗಿ ಇಳಿದರೆ ಎರಡೂ ಸಮಾಂತರ. ಒಂದು ಬದಿಗೆ ಬಾಗಿ ಓಡಿದರೆ ಆ ಬದಿಗೆ ವಾಲಿದೆ. ಬೋರ್ಡಿನ ಮೂಲೆಗೆ ಕಾಗದದ ಚೂರು ಮಡಚಿಟ್ಟು ಸರಿಮಾಡಬಹುದು. ಹೊಸ ಲೆನ್ಸ್ ಕೊಳ್ಳಲು ಹೊರಟ ಇಬ್ಬರ ಹಣವನ್ನು ಹೀಗೆ ಉಳಿಸಿದ ಸಮಾಧಾನ ನನಗಿದೆ.

ಯಾರಿಗೆ ಯಾವುದು

ಬರಿಯ 35 ಮಿ.ಮೀ. ಫಿಲ್ಮ್, 8 × 10 ಇಂಚಿನ ಕಾಗದ, ಚಿಕ್ಕ ಯಂತ್ರ ಎನ್ನುವವರಿಗೆ 39 ಮಿ.ಮೀ. ಲೈಕಾ ಥ್ರೆಡ್ಡಿನ 50ರ ಲೆನ್ಸ್ ಸಾಕು: ಕೈಯಲ್ಲಿ ಹಿಡಿದು ನೋಡಿ ಕೊಳ್ಳುವಂತಿದ್ದರೆ ಎಫ್ 2.8ರ ಆರು ಗಾಜಿನದು, ದೂರದಿಂದ ತರಿಸುವುದಾದರೆ ಕಡಿಮೆ ಬೆಲೆಯ ನಾಲ್ಕು ಗಾಜಿನ ಎಫ್ 4. 

ಮನೆಯಲ್ಲಿ ಹಿರಿಯರು ಬಿಟ್ಟುಹೋದ 120 ನೆಗೆಟಿವುಗಳ ಕಟ್ಟು ಇದ್ದು ಅವನ್ನಷ್ಟೇ ಮುದ್ರಿಸುವವರು ಮೊದಲು ಆ ನೆಗೆಟಿವ್ ಯಾವ ಕ್ಯಾಮೆರಾದ್ದೆಂದು ನೋಡಲಿ. ಅಗ್ಫಾ ಕ್ಲಿಕ್ 3ರಂಥ ಅತಿ ಸರಳ ಲೆನ್ಸಿನ ಪೆಟ್ಟಿಗೆ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಮೂಲೆಗಳು ನೆಗೆಟಿವಿನಲ್ಲಿಯೇ ಮೃದು; 75ರ ಮೂರು ಅಥವಾ ನಾಲ್ಕು ಗಾಜಿನ ಲೆನ್ಸಿಗಿಂತ ಹೆಚ್ಚಿನದು ಅಲ್ಲಿ ವ್ಯರ್ಥ. ಸ್ಟುಡಿಯೊದವರು ಎರಡು ಕಣ್ಣಿನ ಯಾಶಿಕಾ ಬಗೆಯ ಕ್ಯಾಮೆರಾದಲ್ಲಿ ತೆಗೆದ ಮದುವೆಯ ಗುಂಪುಚಿತ್ರಗಳಾದರೆ, ಕೊನೆಯ ಸಾಲಿನ ತುದಿಯಲ್ಲಿ ನಿಂತ ಚಿಕ್ಕಮ್ಮನ ಮುಖವೂ ಗುರುತಾಗಬೇಕಲ್ಲ. 80ರ ಆರು ಗಾಜಿನದಕ್ಕೆ ಕಾಯಿರಿ.

ಎರಡೂ ಬಗೆಯ ಫಿಲ್ಮ್ ಇರುವವರು 80ರ ಒಂದೇ ಲೆನ್ಸಿನಲ್ಲಿ ಸುಧಾರಿಸುವ ಆಸೆಯನ್ನು ಎತ್ತರದ ಲೆಕ್ಕ ಹಾಕಿಯೇ ಬಿಡಬೇಕಾಗುತ್ತದೆ. 6 × 6ರ ಯಂತ್ರ, 80 ಮತ್ತು 50ರ ಎರಡು ಲೆನ್ಸುಗಳು, ಎರಡಕ್ಕೂ ಪ್ರತ್ಯೇಕ ಬೋರ್ಡ್, 50ರದ್ದಕ್ಕೆ ಬೇಕಿದ್ದರೆ ಕುಳಿಬೋರ್ಡ್, ಲೆನ್ಸ್ ಬದಲಿಸಿದಾಗ ಕಂಡೆನ್ಸರನ್ನೂ ಬದಲಿಸುವ ಅಭ್ಯಾಸ, ಇದು ಸರಿಯಾದ ಜೋಡಣೆ. ಹಣ ಒಟ್ಟಿಗೆ ಹೊಂದದಿದ್ದರೆ ಮೊದಲು ಎರಡೂ ಬೋರ್ಡುಗಳನ್ನು ಸಂಪಾದಿಸಿಕೊಳ್ಳಿ. ಲೆನ್ಸ್ ನಾಳೆಯೂ ಸಿಕ್ಕೀತು. ಯಂತ್ರ ತಯಾರಾಗುವುದು ನಿಂತ ಮೇಲೆ ಅದರ ಬೋರ್ಡ್, ಇನ್ನೊಂದು ಸ್ಟುಡಿಯೊದ ಸಾಮಾನಿನ ಕೋಣೆ ತೆರೆಯುವವರೆಗೆ ಸಿಗುವುದಿಲ್ಲ.